ರಾಜಾಜಿಗೆ ಪ್ರಮಾಣಪತ್ರ ಬೇಡ

ನಮಸ್ಕಾರ.

ಸಿ. ರಾಜಗೋಪಾಲಾಚಾರಿಯವರ ಬಗ್ಗೆ ನೀವು ಕಳಿಸಿದ ಲೇಖನ ‘ರಾಜಾಜಿ: ಭಾರತದ ಮೊದಲ ಲಿಬರ್ಟೇರಿಯನ್’ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ವಸ್ತು ಮಾತ್ರ ಬಿಡುವಂಥದ್ದಲ್ಲ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಿಮ್ಮ ವಾದ ಇಷ್ಟು: ವ್ಯಕ್ತಿಯ ದುಡಿಮೆ, ಆಸ್ತಿ, ಖಾಸಗಿ ಬದುಕಿಗೆ ಸರ್ಕಾರ ಕೈ ಹಾಕಬಾರದು ಎನ್ನುವವನು ಲಿಬರ್ಟೇರಿಯನ್, ರಾಜಾಜಿ ಪರ್ಮಿಟ್-ಲೈಸೆನ್ಸ್ ರಾಜ್ಯವನ್ನು (ಯಾವ ಉದ್ಯಮಕ್ಕೂ ಸರ್ಕಾರದ ಅನುಮತಿ ಬೇಕೆನ್ನುವ ವ್ಯವಸ್ಥೆಯನ್ನು) ವಿರೋಧಿಸಿದರು, ಆದ್ದರಿಂದ ಅವರೂ ಲಿಬರ್ಟೇರಿಯನ್. ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ ಮಾಡಿದ ಸಹಕಾರಿ ಬೇಸಾಯದ ನಿರ್ಣಯ, ಅದನ್ನು ವಿರೋಧಿಸಿ ಅದೇ 1959ರಲ್ಲಿ ರಾಜಾಜಿ ಕಟ್ಟಿದ ಸ್ವತಂತ್ರ ಪಕ್ಷ, ಈ ಭಾಗ ಚೆನ್ನಾಗಿ ಬಂದಿದೆ. ತೊಂದರೆ ಏನೆಂದರೆ, ನಿಮ್ಮ ಲೇಖನದಲ್ಲಿ ರಾಜಾಜಿ ಹುಟ್ಟುವುದೇ 1959ರಲ್ಲಿ. ಆ ಹೊತ್ತಿಗೆ ಅವರಿಗೆ 80 ವಯಸ್ಸು. ಎರಡು ಸಲ ಮದ್ರಾಸಿನ ಸರ್ಕಾರ ನಡೆಸಿ ಆಗಿತ್ತು. ವಿರೋಧ ಪಕ್ಷದಲ್ಲಿ ಕೂತು ಆಡಿದ ಮಾತನ್ನಷ್ಟೇ ಆಯ್ದುಕೊಂಡಿದ್ದೀರಿ. ಅಧಿಕಾರ ಕೈಯಲ್ಲಿದ್ದಾಗ ಏನು ಮಾಡಿದರು?

1937ಕ್ಕೆ ಹೋಗಿ. ಮದ್ರಾಸ್ ಪ್ರಾಂತ್ಯದ ಪ್ರಧಾನಿಯಾಗಿ (ಆಗ ಆ ಹುದ್ದೆಗೆ ಇದ್ದ ಹೆಸರೇ ಅದು) ಅವರು ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ತಂದರು. ಮರುವರ್ಷ ರೈತರ ಹಳೆ ಸಾಲವನ್ನು ಕಾಯಿದೆಯ ಮೂಲಕ ಇಳಿಸಿದರು, ಅಂದರೆ ಸಾಲ ಕೊಟ್ಟವನಿಗೂ ತೆಗೆದುಕೊಂಡವನಿಗೂ ನಡುವಿನ ಕರಾರಿಗೆ ಸರ್ಕಾರ ಕೈ ಹಾಕಿತು. ಹೆಂಡದಿಂದ ಬರುತ್ತಿದ್ದ ಅಬಕಾರಿ ಆದಾಯ ಖೋತಾ ಆಯಿತಲ್ಲ, ಅದನ್ನು ತುಂಬಿಕೊಳ್ಳಲು 1939ರಲ್ಲಿ ಮಾರಾಟ ತೆರಿಗೆ ಹಾಕಿದರು. ಕುಡಿಯಬೇಡ ಎಂದವರೂ ಅವರೇ, ಆ ನಷ್ಟವನ್ನು ಅಂಗಡಿಯವನಿಂದ ವಸೂಲಿ ಮಾಡಿದವರೂ ಅವರೇ! ಇದರ ನಡುವೆ ಶಾಲೆಗಳಲ್ಲಿ ಹಿಂದಿ ಕಡ್ಡಾಯ. ವಿರೋಧಿಸಿದ ಸಾವಿರಕ್ಕೂ ಹೆಚ್ಚು ಜನ ಜೈಲು ಸೇರಿದರು. ನಿಮ್ಮ 11 ಪುಟಗಳಲ್ಲಿ ಇದರ ಸುಳಿವೇ ಇಲ್ಲ.

ವಿಚಿತ್ರವೆಂದರೆ ನಿಮ್ಮ ವಾದಕ್ಕೆ ಬಲ ಕೊಡುವ ಸಂಗತಿಯನ್ನೂ ಬಿಟ್ಟಿದ್ದೀರಿ. 1952ರಲ್ಲಿ ಮುಖ್ಯಮಂತ್ರಿಯಾದ ಕೂಡಲೇ ಅವರು ಆಹಾರಧಾನ್ಯದ ರೇಷನ್ ಎತ್ತಿಹಾಕಿದರು. ಅಧಿಕಾರದಲ್ಲಿದ್ದೇ ಅಧಿಕಾರ ಬಿಟ್ಟುಕೊಟ್ಟ ಪ್ರಸಂಗ ಅದು. ಲೇಖನ ಅಲ್ಲಿಂದಲೇ ಶುರುವಾಗಬಹುದಿತ್ತು.

ಇನ್ನು 1971. ತಮಿಳುನಾಡಿನಲ್ಲಿ ಡಿಎಂಕೆ ಸರ್ಕಾರ ಪಾನನಿಷೇಧ ಸಡಿಲಿಸಲು ಹೊರಟಾಗ, ಬೇಡವೆಂದು ಕರುಣಾನಿಧಿಯವರನ್ನು ಕೇಳಿಕೊಂಡವರಲ್ಲಿ ತೊಂಬತ್ತು ದಾಟಿದ ರಾಜಾಜಿಯೂ ಇದ್ದರು. ಪರ್ಮಿಟ್ ರಾಜ್ಯವನ್ನು ಬೈದು ಹನ್ನೆರಡು ವರ್ಷವಾದ ಮೇಲಿನ ಮಾತಿದು. ಅದೇ ವರ್ಷ ಅಮೆರಿಕದಲ್ಲಿ ಲಿಬರ್ಟೇರಿಯನ್ ಪಕ್ಷ ಹುಟ್ಟಿತು. ಯಾರು ಏನು ಕುಡಿಯುತ್ತಾರೆ ಎಂಬುದು ಸರ್ಕಾರದ ಉಸಾಬರಿಯಲ್ಲ ಎನ್ನುವುದು ಆ ಪಕ್ಷದ ಮೂಲ ಪಾಠಗಳಲ್ಲಿ ಒಂದು.

ಹಾಗಾದರೆ ಅವರದು ಬರೀ ಗೊಂದಲವೇ? ನನಗೆ ಹಾಗನ್ನಿಸುವುದಿಲ್ಲ. ಹೆಂಡದಂಗಡಿ ಬಡವನ ಮನೆ ಹಾಳು ಮಾಡುತ್ತದೆ, ಪರ್ಮಿಟ್ ಕೊಡುವ ಕುರ್ಚಿ ಅಧಿಕಾರಿಯನ್ನೂ ವ್ಯಾಪಾರಿಯನ್ನೂ ಕೆಡಿಸುತ್ತದೆ: ಎರಡು ಕಡೆಯೂ ಅವರನ್ನು ಕಾಡಿದ್ದು ಮನುಷ್ಯನ ನಡತೆ. ಗಾಂಧಿಯವರ ಧರ್ಮದರ್ಶಿತ್ವವನ್ನು (ಸಿರಿವಂತ ತನ್ನ ಆಸ್ತಿಯನ್ನು ಸಮಾಜದ ಪರವಾಗಿ ಕಾಯುವವನಷ್ಟೇ ಎಂಬ ವಿಚಾರವನ್ನು) ಸ್ವತಂತ್ರ ಪಕ್ಷದ ತತ್ವಗಳಲ್ಲೇ ಸೇರಿಸಿದ್ದು ಸುಮ್ಮನೆ ಅಲ್ಲ. ನನ್ನ ಈ ಊಹೆಯನ್ನು ನೀವು ಒಪ್ಪಬೇಕಿಲ್ಲ; ಅವರ ಬರಹ ಇಟ್ಟುಕೊಂಡು ಅಲ್ಲಗಳೆದರೂ ಸಂತೋಷವೇ. ಆದರೆ ‘ಹೊಂದುತ್ತಾರೆ’ ಎಂದು ಮುದ್ರೆ ಒತ್ತಿ ಕೈ ತೊಳೆದುಕೊಳ್ಳಬೇಡಿ.

ರಾಜಾಜಿಯನ್ನು ಅಳೆಯಲು ನೀವು ತಂದ ಅಮೆರಿಕದ ಅಧ್ಯಕ್ಷ ಜೆಫರ್ಸನ್ ಕುರಿತ ಎರಡು ಪುಟ ಪೂರ್ತಿ ತೆಗೆಯಿರಿ. 1807ರಲ್ಲಿ ವಿದೇಶಿ ವ್ಯಾಪಾರಕ್ಕೇ ಬೀಗ ಜಡಿದ, ಬದುಕಿನುದ್ದಕ್ಕೂ ಆರು ನೂರಕ್ಕೂ ಹೆಚ್ಚು ಮಂದಿಯನ್ನು ಗುಲಾಮರಾಗಿ ಇಟ್ಟುಕೊಂಡಿದ್ದ ಮನುಷ್ಯನನ್ನು ಅಳತೆಗೋಲು ಮಾಡಿಕೊಂಡರೆ, ಅದನ್ನು ಸಮರ್ಥಿಸುವುದರಲ್ಲೇ ನಿಮ್ಮ ಜಾಗವೆಲ್ಲ ಮುಗಿದುಹೋಗುತ್ತದೆ. ‘ಕಾಲಕ್ಕಿಂತ ಮುಂದಿದ್ದರು’ ಎಂಬ ಮಾತು ನಾಲ್ಕು ಕಡೆ ಬಂದಿದೆ, ನಾಲ್ಕನ್ನೂ ಹೊಡೆದುಹಾಕಿ. 1939 ಮತ್ತು 1952ಕ್ಕೆ ತಲಾ ಎರಡು ಪುಟ ಕೊಟ್ಟು ತಿದ್ದಿ ಕಳಿಸಿ. ಶೀರ್ಷಿಕೆಯ ವಿಚಾರ ಆಮೇಲೆ ಮಾತಾಡೋಣ.