ಕಾಫಿ ಕುಡಿದ ಮೇಲೆ ಕೈ ನಡುಗುವುದು

ನಮಸ್ಕಾರ. ಖಾಲಿ ಹೊಟ್ಟೆಯಲ್ಲಿ ಎರಡು ಲೋಟ ಕಾಫಿ ಕುಡಿದ ಅರ್ಧ ಗಂಟೆಗೆ ಕೈ ನಡುಗುತ್ತದೆ, ಎದೆ ಡವಡವ ಅನ್ನುತ್ತದೆ, ಸಂಜೆ ಕುಡಿದರೆ ನಿದ್ದೆಯೂ ಇಲ್ಲ, ಇದು ಕಾಫಿಯಿಂದಲೇನಾ ಅಂತ ಕೇಳಿದ್ದೀರಿ ಅಲ್ವಾ?

ನೀವು ಹೇಳಿದ ಹೊತ್ತು ನೋಡಿದರೆ ಕಾಫಿಯದ್ದೇ ಕೆಲಸ ಅನಿಸುತ್ತದೆ. ಕುಡಿದ 30ರಿಂದ 60 ನಿಮಿಷದಲ್ಲಿ ರಕ್ತದಲ್ಲಿ ಕೆಫೀನ್, ಅಂದರೆ ಕಾಫಿಯಲ್ಲಿರುವ ನಿದ್ದೆ ಓಡಿಸುವ ವಸ್ತು, ತುಂಬಾ ಜಾಸ್ತಿ ಇರುತ್ತದೆ. ನಾವು ಎಚ್ಚರ ಇದ್ದಷ್ಟೂ ಮಿದುಳಿನಲ್ಲಿ ಅಡೆನೋಸಿನ್ ಅನ್ನುವ ವಸ್ತು ಸೇರುತ್ತಾ ಹೋಗಿ, 'ಸಾಕು, ಮಲಗು' ಅನ್ನುತ್ತಿರುತ್ತದೆ. ಅದು ಕೂರಬೇಕಾದ ಜಾಗದಲ್ಲಿ ಕೆಫೀನ್ ಹೋಗಿ ಕೂತುಬಿಡುತ್ತದೆ. ಆಯಾಸ ಹೋಗಿರುವುದಿಲ್ಲ, ನಮಗೆ ಗೊತ್ತಾಗುವುದಿಲ್ಲ ಅಷ್ಟೇ. ಜೊತೆಗೆ ಎದೆಬಡಿತ ಹೆಚ್ಚಿಸುವ ಅಡ್ರಿನಲಿನ್ ಅನ್ನುವ ಹಾರ್ಮೋನ್ ಏರುತ್ತದೆ, ಬಿಪಿಯೂ ಸ್ವಲ್ಪ ಹೊತ್ತು ಏರುತ್ತದೆ. ನಡುಕ ಅದರಿಂದಲೇ.

ಇನ್ನು ನಿದ್ದೆ. ಕುಡಿದ ಕೆಫೀನಿನಲ್ಲಿ ಅರ್ಧ ಇಳಿಯಲು ಸುಮಾರು 5 ಗಂಟೆ ಬೇಕು. ಸಂಜೆ 5ಕ್ಕೆ ಕುಡಿದರೆ ರಾತ್ರಿ 10ಕ್ಕೂ ಅರ್ಧ ಮೈಯಲ್ಲೇ ಇರುತ್ತದೆ. ಗರ್ಭಿಣಿಯರಲ್ಲಿ ಇನ್ನೂ ನಿಧಾನ.

ನನಗೂ ಹೀಗೇ ಆಗುತ್ತಿತ್ತು. ಸೂಜಿಗೆ ದಾರ ಪೋಣಿಸಲು ಕೂತರೆ ದಾರದ ತುದಿ ತೂತಿನ ಆಚೀಚೆ ಅಲ್ಲಾಡುತ್ತಿತ್ತು. ತಿಂಡಿ ಆದ ಮೇಲೆ ಒಂದೇ ಲೋಟ, ಮಧ್ಯಾಹ್ನದ ನಂತರ ಬೇಡ ಅಂತ ಮಾಡಿಕೊಂಡೆ. ನಡುಕ ನಿಂತಿತು. ನೀವೂ ಮಾಡಿ ನೋಡಿ. ಆದರೆ ಒಮ್ಮೆಲೇ ಪೂರ್ತಿ ಬಿಡಬೇಡಿ, ಕೆಲವು ದಿನ ತಲೆನೋವು ಕಾಡಬಹುದು.

ಕಾಫಿ ಕುಡಿಯದ ದಿನವೂ ಎದೆ ಹೀಗೆ ಹೊಡೆದುಕೊಂಡರೆ, ತಲೆ ಸುತ್ತಿದರೆ ಅಥವಾ ಎದೆ ನೋವು ಬಂದರೆ ಸುಮ್ನೆ ಕೂರಬೇಡಿ, ಡಾಕ್ಟರಿಗೆ ತೋರಿಸಿ.