ಡ್ರಾಪ್‌ಡೌನ್‌ನಲ್ಲಿ ಎಲ್ಲವೂ ಸಿಗಬೇಕೆನ್ನುವ ಗ್ರಾಹಕರು

ಪ್ರಶ್ನೆ: ಸಣ್ಣ ಸಂಸ್ಥೆಗಳಿಗೆ ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ, ದಾಖಲೆಗಳನ್ನು ತುಂಬಲು ಮತ್ತು ನೋಡಲು ಬಳಸುವ ಫಾರ್ಮ್‌ಗಳನ್ನು ಮಾಡಿಕೊಡುತ್ತೇನೆ. ಡ್ರಾಪ್‌ಡೌನ್‌ನಲ್ಲಿ (ಒತ್ತಿದರೆ ಕೆಳಗೆ ತೆರೆದುಕೊಳ್ಳುವ ಪಟ್ಟಿಯಲ್ಲಿ) ಯಾವ ಪದ ಟೈಪ್ ಮಾಡಿದರೂ ಗೂಗಲ್‌ನಲ್ಲಿ ಸಿಕ್ಕಂತೆ ಸಿಗಬೇಕೆಂದು ಗ್ರಾಹಕರೊಬ್ಬರು ಪಟ್ಟು ಹಿಡಿದಿದ್ದಾರೆ. ಆಗುವುದಿಲ್ಲ ಎಂದರೆ ನನಗೆ ಕೆಲಸ ಗೊತ್ತಿಲ್ಲವೆಂದು ಭಾವಿಸುತ್ತಾರೆ. ಅವರಿಗೆ ಹೇಗೆ ತಿಳಿಸಲಿ?

ಉತ್ತರ: ನಿಮ್ಮ ಗ್ರಾಹಕರ ಕೋರಿಕೆ ಅಸಹಜವಾದುದಲ್ಲ, ಆದ್ದರಿಂದ ವಾದಕ್ಕಿಳಿಯದೆ ಅವರದೇ ದಾಖಲೆಗಳನ್ನು ತೆರೆದು ತೋರಿಸಿ. ‘ಎರಡು ಇಂಚಿನ ಸ್ಟೀಲ್ ಪೈಪ್’ ಎಂಬ ವಸ್ತುವಿದೆ ಎಂದುಕೊಳ್ಳೋಣ. ಆಕ್ಸೆಸ್‌ನ ಕಾಂಬೊ ಬಾಕ್ಸ್, ಅಂದರೆ ಟೈಪ್ ಮಾಡಲೂ ಬರುವ ಈ ಡ್ರಾಪ್‌ಡೌನ್, ತಾನಾಗಿಯೇ ಹೊಂದಿಸಿ ನೋಡುವುದು ಮೊದಲ ಅಕ್ಷರದಿಂದ. ಹಾಗಾಗಿ ‘ಎರ’ ಎಂದು ಟೈಪ್ ಮಾಡಿದರೆ ಆ ಸಾಲು ಸಿಗುತ್ತದೆ, ‘ಪೈಪ್’ ಎಂದರೆ ಸಿಗುವುದಿಲ್ಲ. ಇದನ್ನು ಕಣ್ಣಾರೆ ಕಂಡವರಿಗೆ ತೊಡಕು ನಿಮ್ಮ ಕೆಲಸದ್ದಲ್ಲ ಎಂಬುದು ತಾನಾಗಿಯೇ ತಿಳಿಯುತ್ತದೆ.

ನಡುವಿನ ಪದವನ್ನೂ ಹುಡುಕುವಂತೆ ಮಾಡಬಹುದು. ಟೈಪ್ ಮಾಡಿದ ಪ್ರತಿ ಅಕ್ಷರಕ್ಕೂ ಪಟ್ಟಿಯನ್ನು ಮತ್ತೆ ಸೋಸುವ ಕೋಡ್ ಬರೆದರಾಯಿತು. ಆದರೆ ಅದರ ಬೆಲೆಯನ್ನು ಮೊದಲೇ ಹೇಳಿಬಿಡಿ: ಪದದ ನಡುವೆ ಹುಡುಕುವಾಗ ಇಂಡೆಕ್ಸ್ (ಬೇಗ ಹುಡುಕಲೆಂದು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ನೆರವಿಗೆ ಬಾರದ ಕಾರಣ ದಾಖಲೆಗಳು ಹೆಚ್ಚಿದಂತೆ ಫಾರ್ಮ್ ನಿಧಾನವಾಗುತ್ತದೆ. ಕನಿಷ್ಠ ಎರಡು ಮೂರು ಅಕ್ಷರ ಟೈಪ್ ಮಾಡಿದ ಮೇಲಷ್ಟೇ ಪಟ್ಟಿ ತುಂಬುವಂತೆ ಮಾಡಿದರೆ ಈ ಹೊರೆ ಬಹಳಷ್ಟು ಇಳಿಯುತ್ತದೆ. ಕಾಂಬೊ ಬಾಕ್ಸ್ ತೋರಿಸಬಲ್ಲ ಸಾಲುಗಳಿಗೂ ಸುಮಾರು 65,000ದ ಮಿತಿಯಿದೆ. ಆದರೆ ಅಷ್ಟು ಉದ್ದದ ಪಟ್ಟಿಯಲ್ಲಿ ಯಾರೂ ಕಣ್ಣಾಡಿಸಿ ಆಯ್ಕೆ ಮಾಡಲಾರರು.

ಒಂದು ಸಂಗತಿಯನ್ನು ಮಾತ್ರ ಖಂಡಿತ ಮುಂಚಿತವಾಗಿ ತಿಳಿಸಿ. ಹಲವು ದಾಖಲೆಗಳು ಒಂದರ ಕೆಳಗೊಂದು ಕಾಣುವ ಫಾರ್ಮ್‌ನಲ್ಲಿ ಎಲ್ಲ ಸಾಲುಗಳಿಗೂ ಡ್ರಾಪ್‌ಡೌನ್‌ನ ಪಟ್ಟಿ ಒಂದೇ. ಕಾಂಬೊ ಬಾಕ್ಸ್ ದಾಖಲೆಯಲ್ಲಿ ವಸ್ತುವಿನ ಸಂಕೇತ ಸಂಖ್ಯೆಯನ್ನು ಉಳಿಸಿ, ಪರದೆಯ ಮೇಲೆ ಹೆಸರನ್ನು ಮಾತ್ರ ತೋರಿಸುತ್ತಿದ್ದರೆ, ಒಂದು ಸಾಲಿಗಾಗಿ ಪಟ್ಟಿಯನ್ನು ಸೋಸಿದೊಡನೆ ಉಳಿದ ಸಾಲುಗಳ ಹೆಸರುಗಳು ಮಾಯವಾದಂತೆ ಕಾಣುತ್ತವೆ. ಮಾಹಿತಿ ಭದ್ರವಾಗಿಯೇ ಇರುತ್ತದೆ. ಆದರೆ ಖಾಲಿ ಪರದೆಯ ಮುಂದೆ ಕುಳಿತವರಿಗೆ ಅದನ್ನು ನಂಬಿಸುವುದು ಬಲು ಕಷ್ಟ. ಇಂಥ ಫಾರ್ಮ್‌ಗಳಲ್ಲಿ ಸೋಸುವ ಕೋಡ್ ಹಾಕದಿರುವುದೇ ಒಳಿತೆಂದು ನನ್ನ ಅಭಿಪ್ರಾಯ.

ಅದರ ಬದಲು, ವಸ್ತುವನ್ನು ಹುಡುಕುವಾಗ ಅವರ ನೆನಪಿನಲ್ಲಿ ಏನಿರುತ್ತದೆಂದು ಕೇಳಿ: ಹೆಸರಿನ ತುಣುಕೋ, ಅಳತೆಯೋ, ಸಂಕೇತ ಸಂಖ್ಯೆಯೋ? ಆ ಉತ್ತರಕ್ಕೆ ತಕ್ಕಂತೆ ಪ್ರತ್ಯೇಕ ಹುಡುಕಾಟದ ಫಾರ್ಮ್ ಮಾಡಿಕೊಟ್ಟು, ಡ್ರಾಪ್‌ಡೌನನ್ನು ಚಿಕ್ಕ ಪಟ್ಟಿಯ ಆಯ್ಕೆಗೆ ಮಾತ್ರ ಉಳಿಸಿಕೊಳ್ಳಿ. ಒಪ್ಪಂದದ ಪತ್ರದಲ್ಲಿ ‘ಹುಡುಕುವ ಸೌಲಭ್ಯ’ ಎಂದಷ್ಟೇ ಬರೆಯದೆ, ಯಾವ ಕಾಲಂನಲ್ಲಿ, ಎಷ್ಟು ಅಕ್ಷರದ ನಂತರ ಹುಡುಕುತ್ತದೆ, ತಪ್ಪು ಕಾಗುಣಿತವನ್ನು ತಿದ್ದಿಕೊಳ್ಳುತ್ತದೆಯೇ ಇಲ್ಲವೇ ಎಂಬುದನ್ನೂ ಬರೆದು, ಕೆಲಸ ಆರಂಭಿಸುವ ಮೊದಲೇ ಅವರ ಒಪ್ಪಿಗೆ ಪಡೆಯಿರಿ.