ಟಾಕೀಸು ಹೋಯಿತು, ಕಾಂಪ್ಲೆಕ್ಸು ಬರಲಿಲ್ಲ

ಮಾನ್ಯ ಸಂಪಾದಕರೇ,

ಮುಚ್ಚಿಹೋದ ಟಾಕೀಸುಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ತಾವು ಬರೆದದ್ದನ್ನು ಓದಿದೆ. ತಿಗಣೆಯ ಕಾಟ, ನಾರುವ ಮೂತ್ರಾಲಯ, ಕಿವಿಗೆ ಬೀಳದ ಸಂಭಾಷಣೆ, ಇವುಗಳಿಗಾಗಿ ಅಳುವ ಅಗತ್ಯವೇನಿದೆ? ಪೇಟೆಯ ನಡುವಿನ ಚಿನ್ನದಂಥ ಜಾಗದಲ್ಲಿ ಖಾಲಿ ಕುರ್ಚಿಗಳಿಗೆ ದಿನಕ್ಕೆ ನಾಲ್ಕು ಆಟ ತೋರಿಸುವ ಬದಲು ವಾಣಿಜ್ಯ ಸಂಕೀರ್ಣ ಕಟ್ಟಿ, ಮೇಲಂತಸ್ತಿನಲ್ಲಿ ಎರಡು ಪರದೆ ಹಾಕಿದರೆ ಊರು ಬೆಳೆಯುತ್ತದೆ. ಅಂಥ ಕಟ್ಟಡಗಳು ಅರ್ಧಕ್ಕೆ ನಿಂತಿದ್ದರೆ ಅದಕ್ಕೆ ಕಾರಣ ಪರವಾನಗಿಗೆ ಸತಾಯಿಸುವ ಕಚೇರಿಗಳು. ಅಂದ ಹಾಗೆ, ತಾವು ಕೊನೆಯ ಸಲ ಟಾಕೀಸಿಗೆ ಹೋದದ್ದು ಯಾವಾಗ?
– ಒಬ್ಬ ಓದುಗ, ವಿದ್ಯಾನಗರ, ದಾವಣಗೆರೆ

ಸಂಪಾದಕರ ಉತ್ತರ:

ಪ್ರಿಯ ಓದುಗರೇ,

ನಾಲ್ಕು ಪುಟಗಳ ನಿಮ್ಮ ಪತ್ರವನ್ನು ಸ್ಥಳಾಭಾವದಿಂದ ಇಷ್ಟಕ್ಕೆ ಇಳಿಸಿದ್ದೇನೆ. ಅಕ್ಷರ ಮುದ್ದಾಗಿದೆ, ಸಿಟ್ಟು ಅದಕ್ಕಿಂತಲೂ ಚೆನ್ನಾಗಿದೆ. ಎಂಜಿನಿಯರಿಂಗ್ ಓದುವ ಹುಡುಗರು ಇನ್ನೂ ಪೆನ್ನು ಹಿಡಿದು ಸಂಪಾದಕರೊಡನೆ ಜಗಳಕ್ಕೆ ಬರುತ್ತಾರೆಂಬುದೇ ಈ ತಿಂಗಳ ನನ್ನ ದೊಡ್ಡ ಸಂತೋಷವಾಗಿರುವುದರಿಂದ, ಉತ್ತರ ಉದ್ದವಾದರೆ ಅದರ ಹೊಣೆ ನಿಮ್ಮದೇ.

ತಿಗಣೆಯ ವಿಷಯದಲ್ಲಿ ವಾದವಿಲ್ಲ. ಗಾಂಧಿ ಕ್ಲಾಸಿನ ಬೆಂಚಿನ ಮೇಲೆ ಹಳೆಯ ಪತ್ರಿಕೆ ಹಾಸಿ ಕೂತ ತಲೆಮಾರಿನವನು ನಾನು. ಇಂಟರ್ವಲ್ಲಿನಲ್ಲಿ ಹೆಂಗಸರು ಎದ್ದು ಹೊರಗೆ ಹೋಗಲು ಹಿಂಜರಿಯುವಂಥ ಸ್ಥಿತಿಯನ್ನು ವರ್ಷಗಟ್ಟಲೆ ಸರಿಪಡಿಸದ ಮಾಲೀಕರು ತಮ್ಮ ಅರ್ಧದಷ್ಟು ಪ್ರೇಕ್ಷಕರನ್ನು ತಾವಾಗಿಯೇ ಮನೆಗೆ ಕಳುಹಿಸಿದರು. ಪರವಾನಗಿಯ ಕಡತಗಳು ಮೇಜಿನಿಂದ ಮೇಜಿಗೆ ನಡೆಯುವುದಿಲ್ಲ, ತೆವಳುತ್ತವೆ ಎಂಬುದೂ ನಿಜ. ನಿಮ್ಮೊಡನೆ ನಾನು ಒಪ್ಪುವುದು ಇಷ್ಟನ್ನೇ.

ಈಗ ಊರಿನ ಮಾತು. ದಾವಣಗೆರೆಯನ್ನು ರೈಲು ಹಳಿ ಎರಡಾಗಿ ಸೀಳಿದೆ. ಹಳಿ ದಾಟುವ ಗೇಟಿಗೆ ರೈಲ್ವೆಯವರ ದಾಖಲೆಯಲ್ಲಿ ಏನೋ ಒಂದು ಸಂಖ್ಯೆ ಇದ್ದೀತು. ಊರವರಿಗೆ ಅದು ಅಶೋಕ ಟಾಕೀಸಿನ ಗೇಟು. ಇಲ್ಲೊಂದು ದಾರಿ ಮಾಡಿಕೊಡಿ ಎಂದು ದಶಕಗಳ ಕಾಲ ಬರೆದ ಮನವಿಗಳಲ್ಲೆಲ್ಲ ಇದ್ದದ್ದು ಅದೇ ಹೆಸರು. ಹಳೆಯ ಪಿ.ಬಿ. ರಸ್ತೆಯಲ್ಲಿ ಆಟೋದವರಿಗೆ ‘ಅರುಣಾ ಟಾಕೀಸು’ ಎಂದರೆ ಬೇರೆ ವಿಳಾಸ ಬೇಡ. ಅಶೋಕ ಟಾಕೀಸಿನ ಗೇಟಿನಲ್ಲಿ ಗೂಡ್ಸ್ ಗಾಡಿಯ ಡಬ್ಬಿಗಳನ್ನು ಎಣಿಸುತ್ತ ಸಿನಿಮಾದ ಹೆಸರು ತೋರಿಸುವ ಭಾಗವನ್ನು ಕಳೆದುಕೊಂಡು, ಕೊನೆಯ ಡಬ್ಬಿ ಹೋದೊಡನೆ ಓಡಿ, ಕತ್ತಲಲ್ಲಿ ಬ್ಯಾಟರಿ ಹಿಡಿದವನ ಬೆನ್ನ ಹಿಂದೆ ತಡವರಿಸಿ ಕುರ್ಚಿ ಹುಡುಕಿದ ಸಾವಿರಾರು ಜನರಲ್ಲಿ ನಾನೂ ಒಬ್ಬ. ಹತ್ತಿ ಗಿರಣಿಗಳ ಕಾಲದಲ್ಲಿ ಶಿಫ್ಟು ಮುಗಿಸಿದವರು ತಲೆಗೂದಲಲ್ಲಿ ಅರಳೆಯ ಎಳೆ ಇರುವಂತೆಯೇ ಸೆಕೆಂಡ್ ಶೋಗೆ ಬಂದು ಕೂರುತ್ತಿದ್ದರು. ಆಟ ಬಿಟ್ಟ ಮೇಲೆ ಬಾಗಿಲ ಎದುರಿನ ಗಾಡಿಯಲ್ಲಿ ಮಂಡಕ್ಕಿ, ಮಿರ್ಚಿ, ಆಮೇಲೆ ಮನೆ. ಟಾಕೀಸಿನ ಬಾಗಿಲು ನೇರ ಬೀದಿಗೆ ತೆರೆಯುತ್ತಿತ್ತು ಎಂಬುದನ್ನು ಕಟ್ಟಡಶಾಸ್ತ್ರ ಓದುವ ನೀವು ಗಮನಿಸಬೇಕಿತ್ತು.

ನಾನು ಕಳೆದ ಸಂಚಿಕೆಯಲ್ಲಿ ಹೆಸರು ಹೇಳದೆ ಬರೆದ ಟಾಕೀಸನ್ನು ಕೆಡವಲು ಹಿಡಿದದ್ದು ಹನ್ನೊಂದು ದಿನ. ಕೆಡವುವುದಕ್ಕೆ ಬಂಡವಾಳ ಬೇಡ, ನೆನಪಿಡಿ. ಗುಜರಿಯವರೇ ದುಡ್ಡು ಕೊಟ್ಟು ಕಬ್ಬಿಣದ ತೊಲೆ, ತಗಡು, ತೇಗದ ಬಾಗಿಲು, ಕೊನೆಗೆ ಕುರ್ಚಿಯ ಕಾಲುಗಳನ್ನೂ ಒಯ್ಯುತ್ತಾರೆ. ಕಟ್ಟುವುದಕ್ಕಾದರೋ ಬ್ಯಾಂಕು ಬೇಕು, ಅಂಗಡಿ ಕಾಯ್ದಿರಿಸುವವರ ಮುಂಗಡ ಬೇಕು, ಜಾಗದ ಮೇಲೆ ಹಕ್ಕಿರುವ ಅಣ್ಣತಮ್ಮಂದಿರ ಸಹಿ ಬೇಕು. ಒಬ್ಬ ತಮ್ಮ ಮುನಿಸಿಕೊಂಡರೆ ಎಲ್ಲವೂ ನ್ಯಾಯಾಲಯದ ಪಾಲು. ಕಟ್ಟಡ ಕಟ್ಟಿ ಮಾರುವವರನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆ ಬಂದ ಮೇಲೆ ಕೊಳ್ಳುವವರಿಂದ ಪಡೆದ ಹಣದಲ್ಲಿ ಶೇ. 70ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಅದೇ ಯೋಜನೆಯ ಜಾಗಕ್ಕೂ ಕಟ್ಟಡಕ್ಕೂ ಬಳಸಬೇಕು. ಇದರ ಮುಂಗಡದಲ್ಲಿ ಅದನ್ನು ಕಟ್ಟಿ, ಅದರ ಮುಂಗಡದಲ್ಲಿ ಮತ್ತೊಂದಕ್ಕೆ ಗುದ್ದಲಿ ಹಾಕುತ್ತಿದ್ದವರ ಉಸಿರು ಆ ನಿಯಮದಿಂದ ಕಟ್ಟಿತು, ಕಟ್ಟಬೇಕಾದದ್ದೇ. ಹಾಗಾಗಿ ಎಲ್ಲ ತಪ್ಪನ್ನೂ ಕಚೇರಿಯ ತಲೆಗೆ ಕಟ್ಟಬೇಡಿ. ದುಡ್ಡು ಹೊಂದಿಸುವ ಮೊದಲೇ ಪಿಕಾಸಿ ಎತ್ತುವ ನಮ್ಮ ಚಾಳಿಗೂ ಅದರಲ್ಲಿ ಪಾಲಿದೆ.

ಇನ್ನು ನಿಮ್ಮ ‘ಮೇಲಂತಸ್ತಿನ ಎರಡು ಪರದೆ’. ಪತ್ರದ ಈ ಒಂದು ಸಾಲಿಗಾಗಿಯೇ ನಾನು ಉತ್ತರ ಬರೆಯಲು ಕೂತದ್ದು. ಮಾಲುಗಳಲ್ಲಿ ಪರದೆಯನ್ನು ಮೇಲೆ ಇಡುವುದು ಏಕೆಂದು ನಿಮಗೆ ಗೊತ್ತಿರಬೇಕು: ಸಿನಿಮಾಕ್ಕೆ ಬಂದವನು ಎಲ್ಲ ಅಂಗಡಿಗಳನ್ನು ಹಾದು ಹತ್ತಲಿ, ಹಾದು ಇಳಿಯಲಿ ಎಂದು. ಆದರೆ ಮೇಲಂತಸ್ತನ್ನು ಕಟ್ಟುವುದು ಎಲ್ಲದರ ಕೊನೆಗೆ. ದೊಡ್ಡ ನಗರದಲ್ಲಿ ಹಣ ಹರಿಯುವಾಗ ಇದು ನಡೆಯುತ್ತದೆ. ನಮ್ಮಂಥ ಊರಿನಲ್ಲಿ ಎರಡನೆಯ ಮೋಲ್ಡಿಗೆ ಹಣ ಬತ್ತುತ್ತದೆ. ನೆಲಮಹಡಿಯಲ್ಲಿ ಮೊಬೈಲ್ ಅಂಗಡಿ, ಬೇಕರಿ ತೆರೆದು ಬಾಡಿಗೆ ಬರತೊಡಗುತ್ತದೆ. ಬಾಡಿಗೆ ಬಂದ ಮೇಲೆ ಮೇಲೆ ಕಟ್ಟುವ ಅವಸರ ಯಾರಿಗೂ ಉಳಿಯುವುದಿಲ್ಲ. ಆ ಟಾಕೀಸು ಇದ್ದ ಜಾಗಕ್ಕೆ ಹೋಗಿ ನೋಡಿ. ತಾರಸಿಯ ಮೇಲೆ ಕಂಬದ ಸರಳುಗಳು ತುಕ್ಕು ಹಿಡಿದು ನಿಂತಿವೆ, ಅವುಗಳ ತುದಿಗೆ ಯಾರೋ ಖಾಲಿ ನೀರಿನ ಬಾಟಲಿ ಸಿಕ್ಕಿಸಿದ್ದಾರೆ. ಬೇಸ್‌ಮೆಂಟಿಗೆಂದು ತೋಡಿದ ಗುಂಡಿಯಲ್ಲಿ ಮಳೆನೀರು. ಬೀದಿಯ ಕಡೆಯ ಗೋಡೆ ಮಾತ್ರ ಕೆಡವದೆ ಉಳಿದಿದ್ದು, ಅದರಲ್ಲಿ ಕೈ ತೂರಿಸುವಷ್ಟೇ ದೊಡ್ಡದಾದ ಟಿಕೆಟ್ ಕಿಂಡಿಯೂ ಅದರ ಮೇಲೆ ‘ಬಾಲ್ಕನಿ’ ಎಂಬ ನೀಲಿ ಅಕ್ಷರಗಳೂ ಹಾಗೆಯೇ ಇವೆ.

ಮುಂಬೈಯಲ್ಲಿ ಹಳೆಯ ಚಿತ್ರಮಂದಿರವನ್ನು ಕೆಡವಿ ಹೊಸದನ್ನು ಕಟ್ಟುವವರು ಹಿಂದಿನ ಆಸನಗಳಲ್ಲಿ ಒಂದು ಪಾಲಿನಷ್ಟಾದರೂ ಇರುವ ಚಿತ್ರಮಂದಿರವನ್ನು ಉಳಿಸಿಕೊಡಬೇಕೆಂಬ ನಿಯಮವನ್ನು ಮಾಡಿದ್ದರು. ಕೇರಳದಲ್ಲಿ 1975ರಲ್ಲಿ ಹುಟ್ಟಿದ ಸರ್ಕಾರಿ ಚಲನಚಿತ್ರ ಅಭಿವೃದ್ಧಿ ನಿಗಮವು ಸ್ವಂತ ಚಿತ್ರಮಂದಿರಗಳನ್ನೇ ನಡೆಸುತ್ತದೆ. ತಿರುವನಂತಪುರದ ಕೈರಳಿ, ಶ್ರೀ, ನಿಳಾ ಅದರವು. ಫ್ರಾನ್ಸಿನಲ್ಲಿ ಪ್ರತಿ ಟಿಕೆಟ್ಟಿನಿಂದ ಶೇ. 10.72ರಷ್ಟನ್ನು ತೆಗೆದು ಮತ್ತೆ ಚಿತ್ರರಂಗಕ್ಕೇ, ಚಿಕ್ಕ ಊರಿನ ಪರದೆಗಳಿಗೂ ಸೇರಿದಂತೆ, ಹಿಂದಿರುಗಿಸುತ್ತಾರೆ. ನಮ್ಮಲ್ಲಿ 1964ರ ಸಿನಿಮಾ ನಿಯಂತ್ರಣ ಕಾಯ್ದೆಯಡಿ ಟಾಕೀಸು ನಡೆಸಲು ಜಿಲ್ಲಾ ದಂಡಾಧಿಕಾರಿಗಳ ಲೈಸೆನ್ಸು ಬೇಕು. ಅಗ್ನಿಶಾಮಕ, ವಿದ್ಯುತ್ತು, ಕಟ್ಟಡ, ಎಲ್ಲದರ ಪ್ರಮಾಣಪತ್ರ ಒದಗಿಸಿ ನಡೆಸಿದವನು, ಮುಚ್ಚುವ ದಿನ ಗೇಟಿಗೆ ಒಂದು ಬೀಗ ಹಾಕಿದರೆ ಕೆಲಸ ಮುಗಿಯಿತು.

ದುಡ್ಡಿನ ಲೆಕ್ಕವೂ ಸರಳವಾಗಿಲ್ಲ. ನಮ್ಮ ಟಾಕೀಸುಗಳಲ್ಲಿ ಬಹುಕಾಲ ನಡೆದದ್ದು ವಾರದ ಬಾಡಿಗೆ ಪದ್ಧತಿ: ಜನ ಬರಲಿ, ಬಿಡಲಿ, ವಿತರಕ ಬಾಡಿಗೆ ತೆರಬೇಕು. ಮಾಲಿನವರದ್ದು ಶೇಕಡಾವಾರು ಪದ್ಧತಿ: ಬಂದ ಗಳಿಕೆಯನ್ನು ಇಬ್ಬರೂ ಪಾಲು ಹಂಚಿಕೊಳ್ಳುವುದು. ಚಿಕ್ಕ ನಿರ್ಮಾಪಕನಿಗೆ ಬಾಡಿಗೆ ಕಟ್ಟುವ ತ್ರಾಣವಿಲ್ಲದ್ದರಿಂದ, ದೊಡ್ಡ ಚಿತ್ರ ಬಾರದ ವಾರಗಳಲ್ಲಿ ಟಾಕೀಸು ಹಳೆಯ ಚಿತ್ರವನ್ನೇ ತಿರುಗಿಸಿತು ಅಥವಾ ಪರದೆ ಇಳಿಸಿತು. ಶೇಕಡಾವಾರಿಗೆ ಬೇಗ ಬಂದಿದ್ದರೆ ಕೆಲವಾದರೂ ಉಳಿಯುತ್ತಿದ್ದವು ಎಂಬುದು ನನ್ನ ಎಣಿಕೆ, ಮಾಲೀಕರು ಮುನಿದರೂ ಸರಿ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿಯ ಮಿತಿ ಹಾಕಿದಾಗ ಎಷ್ಟು ಗದ್ದಲವಾಯಿತೆಂಬುದನ್ನೂ, ಅದೇ ತಿಂಗಳು ಹೈಕೋರ್ಟ್ ಅದಕ್ಕೆ ತಡೆ ಕೊಟ್ಟದ್ದನ್ನೂ ನೀವು ಓದಿರುತ್ತೀರಿ. ಆ ಜಗಳ ಮಾಲಿನ ಕುರ್ಚಿಯದ್ದು. ನಮ್ಮ ಬಾಲ್ಕನಿಯ ಟಿಕೆಟ್ಟು ಆ ಮಿತಿಯ ಹತ್ತಿರವೂ ಸುಳಿದದ್ದಿಲ್ಲ. ಅದೇ ತಿಂಗಳು 100 ರೂಪಾಯಿವರೆಗಿನ ಟಿಕೆಟ್ಟಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದದ್ದು ನಮಗೆ ನಿಜವಾಗಿ ಸಂಬಂಧಿಸಿದ ಸುದ್ದಿಯಾಗಿತ್ತು. ಅದರ ಬಗ್ಗೆ ಯಾರೂ ಗದ್ದಲ ಮಾಡಲಿಲ್ಲ.

‘ಊರು ಬೆಳೆಯುತ್ತದೆ’ ಎನ್ನುತ್ತೀರಿ. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಸ್ಮಾರ್ಟ್ ಸಿಟಿ ಮಿಷನ್ನಿನ ಮೊದಲ 20 ನಗರಗಳ ಪಟ್ಟಿಯಲ್ಲಿ ಬೆಳಗಾವಿಯ ಜೊತೆ ನಮ್ಮ ಹೆಸರೂ ಬಂದಾಗ ಮಂಡಕ್ಕಿ ಭಟ್ಟಿಗಳಿಗೂ ಹೊಸ ರೂಪ ಬರುತ್ತದೆಂದು ಹಿಗ್ಗಿದವರಲ್ಲಿ ಈ ಪತ್ರಿಕೆಯೂ ಒಂದು. 2025ರ ಮಾರ್ಚ್ 31ಕ್ಕೆ ಆ ಮಿಷನ್ನೇ ಮುಗಿಯಿತು. 2011–12ರಲ್ಲಿ ಮಂಜೂರಾದ ತುಮಕೂರು–ಚಿತ್ರದುರ್ಗ–ದಾವಣಗೆರೆ ರೈಲು ಮಾರ್ಗ ಸುಮಾರು 190 ಕಿಲೋಮೀಟರಿನದು. ಅದಕ್ಕೆ ಕಾಯುತ್ತ ನನ್ನ ತಲೆ ನೆರೆಯಿತು. ಚಿತ್ರನಗರಿಯ ಕಥೆ ಇನ್ನೂ ರಂಜನೀಯ: ಒಬ್ಬ ಮುಖ್ಯಮಂತ್ರಿ ಮೈಸೂರಿನ ಬಳಿಯ ಹಿಮ್ಮಾವು ಎಂದರು, ಇನ್ನೊಬ್ಬರು ರಾಮನಗರ ಎಂದರು, ಮತ್ತೊಬ್ಬರು ಬೆಂಗಳೂರಿನ ಬಳಿಯ, ನಟಿ ದೇವಿಕಾರಾಣಿಯವರ ರೋರಿಕ್ ಎಸ್ಟೇಟು ಎಂದರು, ಕೊನೆಗೆ ಮತ್ತೆ ಮೈಸೂರಿಗೇ ಬಂದಿತು. ಸಿನಿಮಾ ತಯಾರಿಸುವ ನಗರ ಇಷ್ಟು ಊರು ಸುತ್ತುವ ಹೊತ್ತಿಗೆ, ಸಿನಿಮಾ ನೋಡುವ ಊರುಗಳಲ್ಲಿ ಪರದೆಗಳು ಒಂದೊಂದಾಗಿ ಕಳಚಿ ಬಿದ್ದವು.

ಇದೇ ದಾವಣಗೆರೆ ರಂಗನಟಿ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ನಾಟಕದ ಕಂಪನಿಗೆ ಒಂದು ಬಯಲು ಸಿಕ್ಕರೆ ಸಾಕಿತ್ತು. ತಗಡು ಹೊದಿಸಿ, ಗಳು ನೆಟ್ಟು, ಆಟ ಮುಗಿದ ಮೇಲೆ ಬಯಲನ್ನು ಬಯಲಾಗಿಯೇ ಬಿಟ್ಟು ಹೋಗುತ್ತಿದ್ದರು. ಈಗ ಕಂಪನಿ ಬಂದರೆ ಕೊಡಲು ಪೇಟೆಯಲ್ಲಿ ನಮ್ಮ ಬಳಿ ಇರುವುದು ನೀರು ತುಂಬಿದ ಗುಂಡಿ.

ಕೊನೆಯ ಪ್ರಶ್ನೆಯನ್ನು ನೀವು ಕುಟುಕಲೆಂದೇ ಕೇಳಿದ್ದೀರಿ. ಉತ್ತರ ಇದೆ: ಕಳೆದ ತಿಂಗಳು, ಒಂದು ಮಂಗಳವಾರ, ಮ್ಯಾಟಿನಿಗೆ. ಇನ್ನೂ ನಡೆಯುತ್ತಿರುವ ಒಂದು ಟಾಕೀಸು, ಹೆಸರು ಬೇಡ. ಕಿಂಡಿಯಲ್ಲಿ ಕೂತ ಮ್ಯಾನೇಜರು ನನ್ನ ದುಡ್ಡು ಮುಟ್ಟಲಿಲ್ಲ. “ಹತ್ತು ಜನ ಆದ್ರೆ ಶೋ ಹಾಕ್ತೀವಿ ಸಾರ್, ಕರೆಂಟಿನ ಖರ್ಚಾದ್ರೂ ಹುಟ್ಟಬೇಕಲ್ರೀ” ಎಂದರು. ನಾನು ಏಳನೆಯವನು. ಕಾಲೇಜಿನ ಇಬ್ಬರು ಹುಡುಗರು ಬಂದು ಒಂಬತ್ತಾದೆವು. ಆಟದ ಹೊತ್ತು ಮೀರಿ ಕಾಲು ಗಂಟೆ ಕಳೆಯಿತು, ಯಾರೂ ಬರಲಿಲ್ಲ. ಆಗ ಒಬ್ಬ ಹುಡುಗ ಎದುರಿನ ಚಹಾದಂಗಡಿಗೆ ಹೋಗಿ ಅಲ್ಲಿನ ಯಜಮಾನರನ್ನು ಕರೆತಂದ. ಅವರ ಟಿಕೆಟ್ಟಿಗೆ ನಾವು ಒಂಬತ್ತು ಜನ ಚಿಲ್ಲರೆ ಕೂಡಿಸಿದೆವು. ಅವರು ಸ್ಟವ್ ಆರಿಸಿ, ಹೆಗಲ ಮೇಲಿನ ಟವೆಲಿನಿಂದ ಕೈ ಒರೆಸಿಕೊಳ್ಳುತ್ತ ಒಳಗೆ ಬಂದು, ಕುರ್ಚಿಯನ್ನು ಒಮ್ಮೆ ಕೊಡವಿ ಕೂತರು. ದೀಪ ಆರಿತು.

– ಸಂ.